ಯುದ್ಧವಿರೋಧಿ ಶ್ರಮಿಕ ಒಕ್ಕೂಟವೂ ನಮ್ಮ ಚರಿತ್ರೆಯ ಬರವಣಿಗೆಯೂ : ಒಂದು ವಿಮರ್ಶೆ

ಒಂದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯರು ಯುದ್ಧವನ್ನು ಯಾವ ರೀತಿಯಲ್ಲಿ ವಿರೋಧಿಸಿದರು ಎಂಬ ಪ್ರಶ್ನೆಗೆ ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತವೆ. ಮೊದಲನೆಯದು, 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರಿಂದ ಆರಂಭವಾದ ವೈಯಕ್ತಿಕ ಸತ್ಯಾಗ್ರಹ. ಎರಡನೆಯದು, 1942ರ ಆಗಸ್ಟ್ ತಿಂಗಳಿನ ‘ಭಾರತ ಬಿಟ್ಟು ತೊಲಗಿ’ ಚಳವಳಿ. ಇವೆರಡೂ ಮಹತ್ವದ ಘಟನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡಕ್ಕೂ ಮೊದಲೇ, ಯುದ್ಧ ಘೋಷಣೆಯಾದ ಒಂದು ತಿಂಗಳೊಳಗಾಗಿಯೇ, ಕಾರ್ಮಿಕರೂ ಆ ಬಳಿಕ ರೈತರೂ ತಮ್ಮ ತಮ್ಮ ಸಂಘಗಳ ಮೂಲಕ ಯುದ್ಧವನ್ನು ಎದುರಿಸಿ ನಿಂತ ಸಂಗತಿಗೆ ಈ ಗ್ರಂಥಗಳಲ್ಲಿ ನಾಲ್ಕಾರು ಸಾಲುಗಳಿಗಿಂತ ಹೆಚ್ಚಿನ ಸ್ಥಳ ದೊರೆಯುವುದು ಅಪರೂಪ. ದೊರೆತಲ್ಲಿಯೂ ಅದು ಒಂದು ಆಕ್ಷೇಪಣೆಯ ಪೀಠಿಕೆಯಾಗಿ ಬರುತ್ತದೆ: ಮೊದಲು ವಿರೋಧಿಸಿದವರು ಆಮೇಲೆ ಬೆಂಬಲಿಸಿದರು, ಆದುದರಿಂದ ಅವರ ಮೊದಲಿನ ವಿರೋಧವೂ ನಿಜವಾದುದಲ್ಲ, ಎಂಬುದೇ ಆ ಆಕ್ಷೇಪಣೆ.

ಈ ತೀರ್ಮಾನವು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಬೋಧಿಸುವವರಿಗೂ ಓದುವವರಿಗೂ ಈ ವಿಷಯವು ದೂರದ್ದೆಂದು ತೋರಬಹುದು. ಅದು ಏಕೆ ದೂರದ್ದಲ್ಲ ಎಂಬುದನ್ನು ಮುಂದೆ ತೋರಿಸಲು ಯತ್ನಿಸುತ್ತೇವೆ.

ಮೊದಲು ಒಂದು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಕ್ಕೂಟವೆಂದರೆ ಪಕ್ಷವಲ್ಲ. ಪಕ್ಷದಲ್ಲಿ ಸೇರಿದವರು ಒಂದು ತತ್ತ್ವವನ್ನು ಒಪ್ಪಿ ಸೇರುತ್ತಾರೆ. ಒಕ್ಕೂಟದಲ್ಲಿ ಸೇರಿದವರು ಒಂದು ಕಾರ್ಯವನ್ನು ಒಪ್ಪಿ ಸೇರುತ್ತಾರೆ. ಆ ಕಾರ್ಯವನ್ನು ಒಪ್ಪುವುದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣಗಳಿರಬಹುದು. ಈ ಭೇದವನ್ನು ಗಮನಿಸದೆ ಬರೆದ ಚರಿತ್ರೆಯು ಸೇರಿದವರೆಲ್ಲರ ಮನಸ್ಸನ್ನೂ ನಾಯಕರ ಭಾಷಣದಿಂದಲೇ ಅಳೆಯುತ್ತದೆ. ನಮ್ಮ ಮುಖ್ಯ ಆಕ್ಷೇಪಣೆ ಇರುವುದು ಈ ಅಳತೆಯ ವಿಷಯದಲ್ಲಿ.

ಎರಡು

ಘಟನೆಗಳನ್ನು ಕಾಲಾನುಕ್ರಮದಲ್ಲಿ ನೆನಪಿಸಿಕೊಳ್ಳೋಣ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತದ ಯಾವ ಪ್ರತಿನಿಧಿ ಸಂಸ್ಥೆಯನ್ನೂ ಕೇಳದೆ ಈ ದೇಶವು ಯುದ್ಧದಲ್ಲಿ ತೊಡಗಿದೆಯೆಂದು ಸಾರಿದರು. ಅದೇ ತಿಂಗಳಲ್ಲಿ ಭಾರತ ರಕ್ಷಣಾ ಶಾಸನವು ಜಾರಿಗೆ ಬಂದು ಸಭೆ, ಮುದ್ರಣ, ಮುಷ್ಕರಗಳನ್ನು ಹತ್ತಿಕ್ಕುವ ಅಧಿಕಾರವು ಸರಕಾರದ ಕೈಸೇರಿತು. ಕಾಂಗ್ರೆಸ್ಸು ಯುದ್ಧದ ಧ್ಯೇಯವನ್ನು ಸ್ಪಷ್ಟಪಡಿಸುವಂತೆ ಕೇಳಿತು. ತೃಪ್ತಿಕರವಾದ ಉತ್ತರ ಬಾರದಿರಲು, ಆ ವರ್ಷದ ಕೊನೆಯೊಳಗಾಗಿ ಅದರ ಪ್ರಾಂತೀಯ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಈ ನಡುವೆ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ಸುಮಾರು 90,000 ಕಾರ್ಮಿಕರು ಯುದ್ಧವನ್ನು ವಿರೋಧಿಸಿ ಒಂದು ದಿನದ ಮುಷ್ಕರ ಹೂಡಿದರು. ಕೂಲಿಯ ಪ್ರಶ್ನೆಯನ್ನು ಮುಂದಿಡದೆ, ಕೇವಲ ಯುದ್ಧವನ್ನು ಕುರಿತು, ಅಷ್ಟು ದೊಡ್ಡ ಸಂಖ್ಯೆಯ ದುಡಿಮೆಗಾರರು ಕೆಲಸ ನಿಲ್ಲಿಸಿದ್ದು ನಮ್ಮ ದೇಶದ ಕಾರ್ಮಿಕ ಚರಿತ್ರೆಯಲ್ಲಿ ಹೊಸ ಸಂಗತಿ.

ಯುದ್ಧದೊಂದಿಗೆ ಬೆಲೆಗಳೂ ಏರಿದವು. 1940ರ ಮಾರ್ಚ್ ತಿಂಗಳಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ತುಟ್ಟಿಭತ್ಯಕ್ಕಾಗಿ ಮುಷ್ಕರಕ್ಕಿಳಿದು 40 ದಿನ ನಿಂತರು. ನಾಯಕರ ಬಂಧನದಿಂದ ಆ ಮುಷ್ಕರ ಮುರಿಯಿತು. ಅದೇ ಮಾರ್ಚ್ ತಿಂಗಳಲ್ಲಿ ರಾಮಗಢದಲ್ಲಿ, ಕಾಂಗ್ರೆಸ್ ಅಧಿವೇಶನದ ನೆರೆಯಲ್ಲಿಯೇ, ಸುಭಾಷಚಂದ್ರ ಬೋಸರೂ ಕಿಸಾನ್ ಸಭೆಯ ಸ್ವಾಮಿ ಸಹಜಾನಂದ ಸರಸ್ವತಿಯವರೂ ಸೇರಿ ರಾಜಿವಿರೋಧಿ ಸಮ್ಮೇಳನವನ್ನು ನಡೆಸಿದರು. ಸೆಪ್ಟೆಂಬರ್ 15ರಂದು ಎಡಪಂಥೀಯರ ಕೈಯಲ್ಲಿದ್ದ ಕೇರಳ ಪ್ರಾಂತೀಯ ಕಾಂಗ್ರೆಸ್ಸಿನ ಕರೆಯಂತೆ ಮಲಬಾರಿನಲ್ಲಿ ಬೆಲೆಯೇರಿಕೆ ಮತ್ತು ದಮನನೀತಿಗಳ ವಿರುದ್ಧ ಪ್ರತಿಭಟನೆ ನಡೆಯಿತು. ಮೊರಾಳ, ಮಟ್ಟನ್ನೂರು, ತಲಶ್ಶೇರಿಗಳಲ್ಲಿ ಜನರಿಗೂ ಪೊಲೀಸರಿಗೂ ಘರ್ಷಣೆಯಾಗಿ ಪ್ರಾಣಹಾನಿ ಸಂಭವಿಸಿತು. ಮೊರಾಳ ಪ್ರಕರಣದಲ್ಲಿ ಕೆ. ಪಿ. ಆರ್. ಗೋಪಾಲನ್ ಅವರಿಗೆ ವಿಧಿಸಲಾದ ಮರಣದಂಡನೆ ವ್ಯಾಪಕವಾದ ಪ್ರತಿಭಟನೆಯ ಫಲವಾಗಿ ರದ್ದಾಯಿತು.

ಈ ಎರಡು ವರ್ಷಗಳ ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಗಿರಣಿಯ ಕಾರ್ಮಿಕ, ಜಮೀನಿನ ಗೇಣಿದಾರ, ವಿದ್ಯಾರ್ಥಿ, ಶಾಲಾ ಉಪಾಧ್ಯಾಯ ಇವರೆಲ್ಲರನ್ನೂ ಒಳಗೊಂಡ ಒಂದು ಸಡಿಲವಾದ ಕೂಟವು ಯುದ್ಧಕ್ಕೆ ಎದುರಾಗಿ ರೂಪುಗೊಳ್ಳುತ್ತಿದ್ದುದು ಕಂಡುಬರುತ್ತದೆ.

ಮೂರು

ಈ ಕೂಟದಲ್ಲಿ ಸೇರಿದವರ ಕಾರಣಗಳು ಒಂದೇ ಆಗಿರಲಿಲ್ಲ. ಕನಿಷ್ಠಪಕ್ಷ ನಾಲ್ಕು ಧಾರೆಗಳನ್ನು ನಾವು ಗುರುತಿಸಬಹುದು.

ಮೊದಲನೆಯದು ಅಹಿಂಸೆಯ ಧಾರೆ. ಕೊಲ್ಲುವುದು ಅಧರ್ಮ, ಆದುದರಿಂದ ಯಾವ ಯುದ್ಧಕ್ಕೂ ಜನ ಧನಗಳ ನೆರವು ಕೂಡದು ಎಂಬುದು ಇದರ ನಿಲುವು. ಎರಡನೆಯದು ಸ್ವಾತಂತ್ರ್ಯದ ಧಾರೆ. ತಾನೇ ಪರಾಧೀನವಾಗಿರುವ ದೇಶವು ಇತರರ ಸ್ವಾತಂತ್ರ್ಯಕ್ಕಾಗಿ ಯುದ್ಧಮಾಡುವುದು ಅಸಂಗತವೆಂಬುದೇ ಇವರ ವಾದ. ಸ್ವಾತಂತ್ರ್ಯ ದೊರೆತಿದ್ದರೆ ಇವರಲ್ಲಿ ಅನೇಕರು ಯುದ್ಧಕ್ಕೆ ನೆರವಾಗಲು ಸಿದ್ಧರಿದ್ದರು. ಮೂರನೆಯದು ಸಮಾಜವಾದಿ, ಕಮ್ಯೂನಿಸ್ಟ್ ಧಾರೆ. ಇದು ಸಾಮ್ರಾಜ್ಯಗಳ ನಡುವಣ ಯುದ್ಧ, ದುಡಿಯುವವನಿಗೆ ಇದರಲ್ಲಿ ಸೋಲೂ ಗೆಲುವೂ ಒಂದೇ ಎಂಬುದು ಇವರ ಮತ. ನಾಲ್ಕನೆಯ ಧಾರೆಗೆ ತತ್ತ್ವದ ಹೆಸರಿಲ್ಲ. ಅದು ಅಕ್ಕಿ, ಸೀಮೆಎಣ್ಣೆ, ಬಟ್ಟೆಗಳ ಬೆಲೆಯಿಂದ ಹುಟ್ಟಿದ್ದು. ಸಂಬಳ ಇದ್ದಲ್ಲಿಯೇ ಇದ್ದು ಸಂತೆಯಲ್ಲಿ ಬೆಲೆ ಏರಿದಾಗ, ಯುದ್ಧವೆಂಬುದು ಮನೆಯ ಒಲೆಯ ತನಕ ಬಂದಿತೆಂದು ತಿಳಿದವರ ವಿರೋಧ ಅದು.

ನಮ್ಮ ಚರಿತ್ರೆಕಾರರು ಮೊದಲ ಮೂರು ಧಾರೆಗಳನ್ನು ವಿಸ್ತಾರವಾಗಿ ಚರ್ಚಿಸುತ್ತಾರೆ. ಅವಕ್ಕೆ ನಿರ್ಣಯಗಳಿವೆ, ಭಾಷಣಗಳಿವೆ, ಪತ್ರವ್ಯವಹಾರವಿದೆ. ನಾಲ್ಕನೆಯದನ್ನು ಮಾತ್ರ ‘ಆರ್ಥಿಕ ಅಸಮಾಧಾನ’ ಎಂಬ ಶೀರ್ಷಿಕೆಯ ಕೆಳಗೆ ಇಟ್ಟುಬಿಡುತ್ತಾರೆ. ಅದು ರಾಜಕೀಯವಲ್ಲವೆಂಬ ಭಾವನೆ ಅದರ ಹಿಂದಿದೆ. ಇದು ಮೊದಲನೆಯ ದೋಷ. ಒಕ್ಕೂಟಕ್ಕೆ ಸಂಖ್ಯೆಯನ್ನು ತಂದುಕೊಟ್ಟದ್ದು ಈ ನಾಲ್ಕನೆಯ ಧಾರೆಯೇ. ತುಟ್ಟಿಭತ್ಯ ಕೇಳಿ ಮುಷ್ಕರ ಹೂಡಿದ ಕಾರ್ಮಿಕನಿಗೆ ತನ್ನ ಕೂಲಿಯ ಪ್ರಶ್ನೆಗೂ ಯುದ್ಧದ ಪ್ರಶ್ನೆಗೂ ಸಂಬಂಧವಿದೆಯೆಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವನನ್ನು ಬಂಧಿಸಲು ಬಳಸಿದ್ದು ಯುದ್ಧಕಾಲದ ಶಾಸನವನ್ನೇ.

ವಿರುದ್ಧಪಕ್ಷದ ಮಾತನ್ನೂ ಇಲ್ಲಿ ಹೇಳಬೇಕಾದುದು ನ್ಯಾಯ. ಎಂ. ಎನ್. ರಾಯ್ ಅವರು ಆರಂಭದಿಂದಲೂ ಫ್ಯಾಸಿಸಂ ಗೆದ್ದರೆ ಯಾವ ದೇಶದ ಕಾರ್ಮಿಕನಿಗೂ ಉಳಿವಿಲ್ಲವೆಂದು ವಾದಿಸಿ ಯುದ್ಧಪ್ರಯತ್ನವನ್ನು ಬೆಂಬಲಿಸಿದರು. 1941ರಲ್ಲಿ ಅವರೂ ಜಮನಾದಾಸ್ ಮೆಹತಾ ಅವರೂ ಸೇರಿ ಸ್ಥಾಪಿಸಿದ ಇಂಡಿಯನ್ ಫೆಡರೇಷನ್ ಆಫ್ ಲೇಬರ್ ಸಂಸ್ಥೆಗೆ ಸರಕಾರದಿಂದ ತಿಂಗಳಿಗೆ 13,000 ರೂಪಾಯಿಗಳ ಸಹಾಯಧನ ದೊರೆಯಿತು. ಆ ಹಣದ ಕಾರಣದಿಂದ ಅವರ ವಾದಕ್ಕೆ ಕಾರ್ಮಿಕರಲ್ಲಿ ಗೌರವ ಕುಂದಿತು. ಆದರೆ ಹಿಟ್ಲರನ ಆಳ್ವಿಕೆಯಲ್ಲಿ ಜರ್ಮನಿಯ ಕಾರ್ಮಿಕ ಸಂಘಗಳಿಗೆ 1933ರಲ್ಲಿ ಆದ ಗತಿಯನ್ನು ಬಲ್ಲವರು ಆ ವಾದವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಯುದ್ಧವಿರೋಧಿ ಒಕ್ಕೂಟವನ್ನು ಸೇರಿದವರೂ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು; ಎಲ್ಲರೂ ಹೇಳಲಿಲ್ಲ.

ನಾಲ್ಕು

ಈ ಸಂದರ್ಭದಲ್ಲಿ ಕನ್ನಡದ ಒಂದು ಕೃತಿಯನ್ನು ಪರಿಶೀಲಿಸುವುದು ಉಚಿತ. ಅದು ನಿರಂಜನರ ‘ಚಿರಸ್ಮರಣೆ’ (1955). ಚಿತ್ರದುರ್ಗದ ಕಡೆಯ ಓದುಗರಿಗೆ ತ. ರಾ. ಸುಬ್ಬರಾಯರು ಚಿರಪರಿಚಿತರು, ಅವರೂ ನಿರಂಜನರೂ ಒಂದೇ ಪ್ರಗತಿಶೀಲ ಸಾಹಿತ್ಯ ಚಳವಳಿಯ ಒಡನಾಡಿಗಳು. ಆದರೆ ದುರ್ಗದ ಪಾಳೆಯಗಾರರನ್ನು ಕುರಿತ ಕಾದಂಬರಿಗಳನ್ನು ಓದಿದಷ್ಟು ಮಂದಿ ನಮ್ಮಲ್ಲಿ ಕಯ್ಯೂರಿನ ರೈತರನ್ನು ಕುರಿತ ಈ ಕಾದಂಬರಿಯನ್ನು ಓದಿದಂತೆ ಕಾಣುವುದಿಲ್ಲ.

ಕಯ್ಯೂರು ಈಗ ಕಾಸರಗೋಡು ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿದೆ. ನಮ್ಮ ವಿದ್ಯಾರ್ಥಿಗಳು ಇದನ್ನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗವೆಂದು ಭ್ರಮಿಸುವ ಸಂಭವವಿರುವುದರಿಂದ ಈ ಮಾತನ್ನು ಬಿಡಿಸಿ ಹೇಳುತ್ತಿದ್ದೇವೆ. ಅದು ಕಾಞಂಗಾಡಿನ ಬಳಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ಹೊಸದುರ್ಗ. 1956ರವರೆಗೆ ಆ ಪ್ರದೇಶವು ಮದರಾಸು ಆಧಿಪತ್ಯದ, ಆಮೇಲೆ ಮದರಾಸು ರಾಜ್ಯದ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿಯ ರೈತರ ಮಾತು ಮಲಯಾಳ. ಅವರ ಮೇಲಿನ ಮೊಕದ್ದಮೆ ನಡೆದದ್ದು ಮಂಗಳೂರಿನಲ್ಲಿ. ಅವರ ಕಥೆಯನ್ನು ಕಾದಂಬರಿಯಾಗಿ ಬರೆದ ಲೇಖಕರು ಕನ್ನಡಿಗರು.

1941ರ ಮಾರ್ಚ್ ತಿಂಗಳ ಕೊನೆಯಲ್ಲಿ ಪೊಲೀಸರು ಕಯ್ಯೂರಿಗೆ ನುಗ್ಗಿ ರೈತ ಕಾರ್ಯಕರ್ತರನ್ನು ಹಿಡಿದರು. ಇದನ್ನು ಪ್ರತಿಭಟಿಸಿ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಎದುರಾದ ಒಬ್ಬ ಪೊಲೀಸ್ ಪೇದೆಯ ಕೈಗೆ ಬಾವುಟವನ್ನು ಕೊಟ್ಟು ನಡೆಸಿದರು. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಧುಮುಕಿ ಸತ್ತನು. ಅರುವತ್ತೊಂದು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನಿಗೂ ಅದೇ ಶಿಕ್ಷೆಯಾಗಿತ್ತಾದರೂ ಅವನು ಅಪ್ರಾಪ್ತ ವಯಸ್ಕನೆಂಬ ಕಾರಣದಿಂದ ಅದನ್ನು ಜೀವಾವಧಿಗೆ ಇಳಿಸಿದರು.

ನಿರಂಜನರು ಆ ಕಾಲದಲ್ಲಿ ಸಮೀಪದ ನೀಲೇಶ್ವರದ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದರು. ಆದಕಾರಣ ಅವರ ಕಾದಂಬರಿಗೆ ಒಂದು ವಿಧದ ಸಾಕ್ಷ್ಯದ ಬೆಲೆಯೂ ಉಂಟು. ಅದಕ್ಕಿಂತ ಮುಖ್ಯವಾದುದು, ಚರಿತ್ರೆಯ ಗ್ರಂಥಗಳು ಬಿಟ್ಟ ಒಂದು ಪ್ರಶ್ನೆಯನ್ನು ಈ ಕೃತಿ ಕೈಗೆತ್ತಿಕೊಂಡಿರುವುದು: ಸಾಮಾನ್ಯನೊಬ್ಬನು ಸಂಘವನ್ನು ಸೇರುವುದು ಹೇಗೆ? ಅಪ್ಪು, ಚಿರುಕಂಡ ಎಂಬ ಇಬ್ಬರು ರೈತರ ಮಕ್ಕಳನ್ನು ಬಾಲ್ಯದಿಂದ ಹಿಡಿದು ಲೇಖಕರು ಚಿತ್ರಿಸುತ್ತಾರೆ. ಶಾಲೆಯ ಮಾಸ್ತರರ ಪ್ರಭಾವ, ಜಮೀನ್ದಾರರ ದರ್ಪ, ಮನೆಯವರ ಭಯ, ಊರಿನ ರೈತಸಂಘ ಇವುಗಳ ನಡುವೆ ಅವರ ಮನಸ್ಸು ಕ್ರಮವಾಗಿ ಒಂದು ನಿಲುವಿಗೆ ಬರುತ್ತದೆ. ಸೇರುವುದೆಂದರೆ ಹೆಸರು ಬರೆಸುವ ಒಂದು ದಿನದ ಕ್ರಿಯೆಯಲ್ಲ, ವರ್ಷಗಳ ಅವಧಿಯಲ್ಲಿ ನಡೆಯುವ ಶಿಕ್ಷಣ, ಎಂಬುದನ್ನು ಈ ಕೃತಿಯಷ್ಟು ಸ್ಪಷ್ಟವಾಗಿ ತೋರಿಸುವ ಚರಿತ್ರೆಯ ಗ್ರಂಥವನ್ನು ನಾವು ಕನ್ನಡದಲ್ಲಿ ಕಂಡಿಲ್ಲ.

ಆದರೆ ಚರಿತ್ರೆಯ ವಿದ್ಯಾರ್ಥಿಯು ಈ ಕೃತಿಯ ಮಿತಿಯನ್ನೂ ಗಮನಿಸಬೇಕು. ಕಾದಂಬರಿಯ ಮುನ್ನೆಲೆಯಲ್ಲಿರುವುದು ಭೂಮಿಯ ಪ್ರಶ್ನೆ, ಜಮೀನ್ದಾರನ ಪ್ರಶ್ನೆ. ಜಗತ್ತಿನ ಯುದ್ಧವು ಅದರ ಹಿನ್ನೆಲೆಗೆ ಸೇರಿದ್ದು. ಕಯ್ಯೂರಿನ ಪ್ರಕರಣವನ್ನು ಕೇವಲ ಜಮೀನ್ದಾರರ ವಿರುದ್ಧದ ದಂಗೆಯೆಂದು ಓದಿದರೆ, 1940ರ ಸೆಪ್ಟೆಂಬರಿನ ಪ್ರತಿಭಟನೆಗಳಿಗೂ ಯುದ್ಧಕಾಲದ ದಮನಕ್ಕೂ ಅದಕ್ಕಿರುವ ಸಂಬಂಧವು ಮರೆಯಾಗುತ್ತದೆ. ಇನ್ನೊಂದು ಮಾತು: ಹೊಳೆಗೆ ಬಿದ್ದು ಸತ್ತ ಪೇದೆಯೂ ಬಡವನೇ. ಯುದ್ಧದ ಕ್ರೌರ್ಯವನ್ನು ವಿರೋಧಿಸುವ ಒಕ್ಕೂಟವು ತನ್ನ ಮೆರವಣಿಗೆಯಲ್ಲಿ ಆದ ಸಾವಿಗೆ ಏನು ಹೇಳಬೇಕು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತದೆ ಬಿಡುವುದು ಸರಿಯಲ್ಲ. ನಾಲ್ವರ ತ್ಯಾಗವನ್ನು ಗೌರವಿಸುತ್ತಲೇ ಇದನ್ನು ಕೇಳಬಹುದು. ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಐದು

ಈಗ ಕಠಿಣವಾದ ಭಾಗಕ್ಕೆ ಬರುತ್ತೇವೆ. 1941ರ ಜೂನ್ 22ರಂದು ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ದಾಳಿಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಕಮ್ಯೂನಿಸ್ಟ್ ಪಕ್ಷವು ಯುದ್ಧದ ಸ್ವರೂಪವೇ ಬದಲಾಗಿದೆಯೆಂದು ನಿರ್ಣಯಿಸಿ ಅದನ್ನು ‘ಜನತಾ ಯುದ್ಧ’ವೆಂದು ಕರೆಯಿತು. 1942ರ ಜುಲೈ ತಿಂಗಳಲ್ಲಿ ಅದರ ಮೇಲಿನ ನಿಷೇಧವನ್ನು ಸರಕಾರವು ತೆಗೆದುಹಾಕಿತು. ಆಗಸ್ಟ್ ಚಳವಳಿಯನ್ನು ಆ ಪಕ್ಷ ಬೆಂಬಲಿಸಲಿಲ್ಲ. ಕಯ್ಯೂರಿನ ನಾಲ್ವರು ಯುದ್ಧವನ್ನು ವಿರೋಧಿಸುತ್ತಿದ್ದ ಚಳವಳಿಯ ಕಾರ್ಯಕರ್ತರಾಗಿ ಸೆರೆಮನೆಗೆ ಹೋದರು. ಅವರನ್ನು ಗಲ್ಲಿಗೇರಿಸಿದಾಗ ಅವರ ಪಕ್ಷವು ಯುದ್ಧಪ್ರಯತ್ನವನ್ನು ಬೆಂಬಲಿಸುತ್ತಿತ್ತು. ಪಕ್ಷದ ಕಾರ್ಯದರ್ಶಿ ಪಿ. ಸಿ. ಜೋಶಿಯವರು ಗಲ್ಲಿಗೆ ಮುನ್ನ ಸೆರೆಮನೆಯಲ್ಲಿ ಅವರನ್ನು ಕಂಡರು.

ಈ ಬದಲಾವಣೆಯನ್ನು ಖಂಡಿಸುವವರಿಗೆ ಸಾಕಷ್ಟು ಆಧಾರವಿದೆ. ಭಾರತದ ರೈತನ ಪಾಲಿಗೆ, ಕಾರ್ಮಿಕನ ಪಾಲಿಗೆ, 1941ರ ಜೂನ್ 21ಕ್ಕೂ 23ಕ್ಕೂ ಏನೂ ವ್ಯತ್ಯಾಸವಾಗಿರಲಿಲ್ಲ. ಬೆಲೆಗಳು ಇಳಿಯಲಿಲ್ಲ, ಶಾಸನ ಸಡಿಲವಾಗಲಿಲ್ಲ. ನಿಲುವು ಬದಲಾದದ್ದು ದೂರದ ಕಾರಣದಿಂದ. ಇದು ಸತ್ಯ. ಆದರೆ ಇದರಿಂದ ನಮ್ಮ ಗ್ರಂಥಕಾರರು ಮಾಡುವ ಅನುಮಾನವು, ಎಂದರೆ ಹಿಂದಿನ ಎರಡು ವರ್ಷಗಳ ವಿರೋಧವೆಲ್ಲವೂ ಪರಪ್ರೇರಿತವಾದುದೆಂಬ ತೀರ್ಮಾನವು, ತರ್ಕಕ್ಕೆ ನಿಲ್ಲುವುದಿಲ್ಲ. ಇದು ಎರಡನೆಯ ದೋಷ. ನಾಯಕರ ಕಾರಣ ಬದಲಾಯಿತು. ಸೇರಿದವರ ಕಾರಣ ಬದಲಾಗಿರಲಿಲ್ಲ. 1942ರ ಆಗಸ್ಟಿನಲ್ಲಿ ಜಮಶೇದ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಹದಿಮೂರು ದಿನ ಕೆಲಸ ನಿಂತಿತು. ಅಹಮದಾಬಾದಿನ ಗಿರಣಿಗಳು ಮೂರು ತಿಂಗಳಿಗೂ ಮೀರಿ ಮುಚ್ಚಿದ್ದವು. ಇವೆಲ್ಲವೂ ಒಂದೇ ಬಗೆಯ ಘಟನೆಗಳಲ್ಲ. ಅಹಮದಾಬಾದಿನಲ್ಲಿ ಮಾಲಿಕರ ಮೌನಸಮ್ಮತಿಯೂ ಇತ್ತು. ಆದರೂ ದುಡಿಮೆಗಾರನ ವಿರೋಧವು ಒಂದು ಪಕ್ಷದ ನಿರ್ಣಯದೊಂದಿಗೆ ಹುಟ್ಟಿ ಅದರೊಂದಿಗೆ ಸಾಯಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಒಕ್ಕೂಟದ ಕಾರಣಗಳು ಬೇರೆಬೇರೆಯಾದಾಗ ಅದು ಉಳಿಯುವುದು ಹೇಗೆ ಎಂಬುದಕ್ಕೆ ಅದೇ ಕಾಲದ ಇನ್ನೊಂದು ನಿದರ್ಶನವಿದೆ. 1920ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು 1929ರಲ್ಲಿಯೂ 1931ರಲ್ಲಿಯೂ ಒಡೆದು ಪೆಟ್ಟು ತಿಂದಿತ್ತು. ಮತ್ತೆ ಒಂದುಗೂಡುವ ಸಂದರ್ಭದಲ್ಲಿ ಅದು ಒಂದು ನಿಯಮವನ್ನು ಒಪ್ಪಿಕೊಂಡಿತು: ರಾಜಕೀಯ ವಿಷಯಗಳ ನಿರ್ಣಯಕ್ಕೆ ಮುಕ್ಕಾಲು ಪಾಲು ಬಹುಮತ ಬೇಕು. ಈ ನಿಯಮದಿಂದಾಗಿ ಯಾವ ಗುಂಪೂ ಅರೆಬರೆ ಬಹುಮತದಿಂದ ಇಡೀ ಸಂಸ್ಥೆಯನ್ನು ತನ್ನ ದಾರಿಗೆ ಎಳೆಯುವಂತಿರಲಿಲ್ಲ. 1942ರಲ್ಲಿ ಕಾನ್ಪುರದ ಅಧಿವೇಶನದಲ್ಲಿ ಯುದ್ಧವನ್ನು ಕುರಿತ ನಿರ್ಣಯಕ್ಕೆ ಆ ಪ್ರಮಾಣದ ಬಹುಮತ ದೊರೆಯಲಿಲ್ಲ. ಆಯಾ ಸಂಘಗಳು ತಮ್ಮ ತಮ್ಮ ಅಭಿಪ್ರಾಯವನ್ನು ಇಟ್ಟುಕೊಳ್ಳಬಹುದೆಂದಾಯಿತು. ಇದು ದೌರ್ಬಲ್ಯವೆಂದು ಹೇಳುವವರುಂಟು. ಎಲ್ಲರ ಪರವಾಗಿ ಮಾತನಾಡಲಾಗದ ಸಂಸ್ಥೆಯು ಯುದ್ಧದಂಥ ವಿಷಯದಲ್ಲಿ ಏನು ಮಾಡಬಲ್ಲದು ಎಂದು ಅವರು ಕೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಒಕ್ಕೂಟದ ಪ್ರಾಮಾಣಿಕವಾದ ರೂಪ. ಸದಸ್ಯನ ಕಾರಣವನ್ನು ಸಂಸ್ಥೆಯು ಕಸಿದುಕೊಳ್ಳಬಾರದು ಎಂಬ ಎಚ್ಚರ ಅದರಲ್ಲಿದೆ.

ಹೊರಗಿನ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. 1907ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನವು ಯುದ್ಧವನ್ನು ತಡೆಯುವುದು ಕಾರ್ಮಿಕರ ಕರ್ತವ್ಯವೆಂದು ಸಾರಿತ್ತು. ಆದರೆ 1914ರ ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿ ಪ್ರತಿನಿಧಿಗಳು ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಟ್ಟರು. ಮರುವರ್ಷ ಸ್ವಿಟ್ಜರ್ಲೆಂಡಿನ ಚಿಮ್ಮರ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಸೇರಿದ ಯುದ್ಧವಿರೋಧಿ ಸಮಾಜವಾದಿಗಳ ಸಂಖ್ಯೆ ನಲವತ್ತನ್ನೂ ಮುಟ್ಟಲಿಲ್ಲ. ಮೇಲಿನಿಂದ ಸಾರಿದ ಐಕ್ಯವು ಮೇಲಿನಿಂದಲೇ ಮುರಿಯಿತು. ಇದಕ್ಕೆ ಪ್ರತಿಯಾಗಿ 2003ರ ಜನವರಿಯಲ್ಲಿ, ಇರಾಕ್ ಯುದ್ಧ ಆರಂಭವಾಗುವುದಕ್ಕೆ ಮೊದಲೇ, ಅಮೆರಿಕೆಯ ಶಿಕಾಗೋ ನಗರದಲ್ಲಿ ಕೆಲವು ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಯುದ್ಧವಿರೋಧಿ ಒಕ್ಕೂಟವೊಂದನ್ನು ರಚಿಸಿದರು. ಸ್ಥಳೀಯ ಸಂಘಗಳು ಒಂದೊಂದಾಗಿ ಸೇರಿದವು. 2005ರ ಜುಲೈ ತಿಂಗಳಲ್ಲಿ ಆ ದೇಶದ ಪ್ರಮುಖ ಕಾರ್ಮಿಕ ಮಹಾಮಂಡಲವೇ ಸೈನ್ಯವನ್ನು ಬೇಗ ಹಿಂದಕ್ಕೆ ಕರೆಸಬೇಕೆಂಬ ನಿರ್ಣಯವನ್ನು ಸ್ವೀಕರಿಸಿತು. ಯುದ್ಧ ನಿಲ್ಲಲಿಲ್ಲವೆಂಬುದು ನಿಜ. ಆದರೆ ಈ ನಿರ್ಣಯವು ಕೆಳಗಿನಿಂದ ಮೇಲೇರಿ ಬಂದದ್ದೆಂಬುದನ್ನು ಚರಿತ್ರೆಕಾರನು ಗುರುತಿಸಬೇಕು.

ಆರು

ಇನ್ನು ಮೈಸೂರಿನ ಮಾತು. ಮೈಸೂರು ಸಂಸ್ಥಾನದಲ್ಲಿ ಇಂಥ ಒಕ್ಕೂಟವು ಬಲವಾಗಿ ಏಕೆ ಬೆಳೆಯಲಿಲ್ಲ? ಕಾರ್ಮಿಕರಿರಲಿಲ್ಲವೆಂದಲ್ಲ. ಕೋಲಾರದ ಗಣಿಗಳಲ್ಲಿ, ಬೆಂಗಳೂರಿನ ಗಿರಣಿಗಳಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ದುಡಿಮೆಗಾರರಿದ್ದರು. ಆದರೆ 1941ರವರೆಗೆ ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಶಾಸನದ ಮನ್ನಣೆಯಿರಲಿಲ್ಲ. ಆ ವರ್ಷದ ತುರ್ತು ಕಾನೂನು, ಅನಂತರ 1942ರ ಮೈಸೂರು ಕಾರ್ಮಿಕ ಶಾಸನ ಇವುಗಳಿಂದ ಮಾತ್ರ ಅದು ದೊರೆಯಿತು. ಸಂಘವೇ ಕಾನೂನಿನ ಹೊರಗಿರುವಾಗ ಸಂಘಗಳ ಒಕ್ಕೂಟವು ಹೇಗೆ ನಿಂತೀತು? ಮತ್ತೊಂದು ಕಾರಣವೂ ಉಂಟು. ಯುದ್ಧವು ಮೈಸೂರಿನ ಕೈಗಾರಿಕೆಗೆ ಕೆಲಸ ತಂದಿತು. ಹಿಂದೂಸ್ತಾನ್ ವಿಮಾನ ಕಾರ್ಖಾನೆಯು 1940ರ ಡಿಸೆಂಬರಿನಲ್ಲಿ ಹುಟ್ಟಿದ್ದೇ ಯುದ್ಧದ ಸಂದರ್ಭದಲ್ಲಿ. ಬಿನ್ನಿ ಗಿರಣಿಯ ಬಟ್ಟೆ ಸೈನ್ಯಕ್ಕೆ ಹೋಗುತ್ತಿತ್ತು. ತನ್ನ ಅನ್ನವೇ ಯುದ್ಧದಿಂದ ಬರುತ್ತಿರುವಾಗ ಕಾರ್ಮಿಕನು ಯುದ್ಧವನ್ನು ವಿರೋಧಿಸುವುದು ಸುಲಭದ ಮಾತಲ್ಲ. ಹೀಗಿದ್ದರೂ 1942ರ ಆಗಸ್ಟಿನಲ್ಲಿ ಬೆಂಗಳೂರು, ಭದ್ರಾವತಿಗಳ ಕಾರ್ಮಿಕರು ಮುಷ್ಕರ ಹೂಡಿದರೆಂಬುದನ್ನು ನೆನೆದರೆ ಅವರ ಧೈರ್ಯದ ಪ್ರಮಾಣ ತಿಳಿಯುತ್ತದೆ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ಕಾಲಕ್ಕೆ ಸೇರಿದ ಎರಡು ಘಟನೆಗಳು ಪ್ರಸಿದ್ಧವಾಗಿವೆ. 1939ರಲ್ಲಿ, ಯುದ್ಧವು ಆರಂಭವಾದ ವರ್ಷವೇ, ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದ ಅರಣ್ಯ ಸತ್ಯಾಗ್ರಹ ನಡೆಯಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರ ಸಂಬಂಧವಾಗಿ ಸೆರೆಮನೆ ಸೇರಿದರು. 1942ರ ಆಗಸ್ಟಿನಲ್ಲಿ, 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ, ಗೋಲಿಬಾರಿಗೆ ಆರು ಮಂದಿ ಬಲಿಯಾದರು. ಈ ಎರಡನ್ನೂ ನಾವು ಪಾಠದಲ್ಲಿ ಹೇಳುತ್ತೇವೆ. ಇವೆರಡರ ನಡುವಣ ಮೂರು ವರ್ಷಗಳಲ್ಲಿ ಈ ಜಿಲ್ಲೆಯ ದುಡಿಯುವ ಜನ ಯುದ್ಧವನ್ನು ಹೇಗೆ ಅನುಭವಿಸಿದರೆಂಬುದನ್ನು ಹೇಳುವುದಿಲ್ಲ. ದಾವಣಗೆರೆಯ ಹತ್ತಿಯ ಗಿರಣಿ, ಹೊಳಲ್ಕೆರೆ ತಾಲ್ಲೂಕಿನ 

ಚಿಕ್ಕಜಾಜೂರು ಜಂಕ್ಷನ್ನಿನ ರೈಲ್ವೆ ನೌಕರರು, ಹಿರಿಯೂರಿನ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ರೈತರು, ಹೊಸದುರ್ಗದ ಬಯಲಿನ ಕೂಲಿಯವರು, ಇವರೆಲ್ಲರಿಗೂ ಯುದ್ಧವು ಬೆಲೆಯ ರೂಪದಲ್ಲಿ, ದವಸದ ಲೆವಿಯ ರೂಪದಲ್ಲಿ, ಸೈನ್ಯಕ್ಕೆ ಹೋದ ಮಗನ ರೂಪದಲ್ಲಿ ಬಂದಿರಲೇಬೇಕು. 1945ರ ವೇಳೆಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರನ್ನು ಕಳಿಸಿಕೊಟ್ಟದ್ದು ಹಳ್ಳಿಗಳೇ.

ಮೂರನೆಯ ದೋಷವನ್ನು ಇಲ್ಲಿ ಹೇಳಬೇಕು. ನಮ್ಮ ಸ್ವಾತಂತ್ರ್ಯ ಚರಿತ್ರೆಯ ಬರವಣಿಗೆ ಹಳೆಯ ಆಡಳಿತದ ಗಡಿಗಳನ್ನು ದಾಟಲು ಹಿಂಜರಿಯುತ್ತದೆ. ಮೈಸೂರಿನದು ಮೈಸೂರಿಗೆ, ದಕ್ಷಿಣ ಕನ್ನಡದ್ದು ಮದರಾಸಿಗೆ, ಧಾರವಾಡದ್ದು ಮುಂಬಯಿಗೆ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದ ಮೇಲೂ ಗ್ರಂಥಗಳ ಅಧ್ಯಾಯಗಳು ಆ ಗಡಿಗಳನ್ನೇ ಅನುಸರಿಸಿದವು. ಕಯ್ಯೂರು ಕೇರಳಕ್ಕೆ ಸೇರಿತಾದುದರಿಂದ ಅದು ನಮ್ಮದಲ್ಲವೆಂದಾಯಿತು. ಮುಂಬಯಿಯ ಮುಷ್ಕರ ಮಹಾರಾಷ್ಟ್ರದ್ದಾಯಿತು. ಹೀಗೆ ಕಾರ್ಮಿಕರ ಯುದ್ಧವಿರೋಧಕ್ಕೆ ಕನ್ನಡದ ಚರಿತ್ರೆಯಲ್ಲಿ ಸ್ಥಳವೇ ಇಲ್ಲದಂತಾಯಿತು. ಜಾನಕಿ ನಾಯರ್ ಅವರು ಮೈಸೂರಿನ ಗಣಿ ಮತ್ತು ಗಿರಣಿಗಳ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಈ ಕೊರತೆಯನ್ನು ಒಂದು ದಿಕ್ಕಿನಲ್ಲಿ ತುಂಬಿದೆ. ಅಂಥ ಕೆಲಸ ಜಿಲ್ಲೆಗಳ ಮಟ್ಟದಲ್ಲಿ, ಕನ್ನಡದಲ್ಲಿ, ನಡೆಯಬೇಕು.

ಏಳು

ಮೇಲಿನ ವಿಚಾರದಿಂದ ಯುದ್ಧವಿರೋಧಿ ಒಕ್ಕೂಟವೊಂದನ್ನು ಚರಿತ್ರೆಯಲ್ಲಿ ಬೆಲೆಕಟ್ಟುವಾಗ ಕೇಳಬೇಕಾದ ಪ್ರಶ್ನೆಗಳು ಮೂರೆಂದು ನಮಗೆ ತೋರುತ್ತದೆ. ಯಾರು ಸೇರಿದರು, ತಮ್ಮ ಯಾವ ಕಾರಣಕ್ಕಾಗಿ? ಎಲ್ಲರೂ ಒಪ್ಪಿದ ಕನಿಷ್ಠ ಕಾರ್ಯ ಯಾವುದು? ಅಭಿಪ್ರಾಯಗಳು ಬೇರೆಯಾದಾಗ ಭಿನ್ನಮತದವನಿಗೆ ಅಲ್ಲಿ ಎಡೆಯಿತ್ತೇ? ಈ ಮೂರನ್ನೂ ಬಿಟ್ಟು, ಕೊನೆಗೆ ಒಡೆಯಿತೇ ಇಲ್ಲವೇ ಎಂಬ ಒಂದೇ ಪ್ರಶ್ನೆಯಿಂದ ತೀರ್ಪು ಹೇಳುವುದು ನಮ್ಮ ಗ್ರಂಥಗಳ ರೂಢಿಯಾಗಿದೆ. ಒಡೆದುದೆಲ್ಲವೂ ಸುಳ್ಳಾಗಿತ್ತು ಎನ್ನುವುದಾದರೆ ಚರಿತ್ರೆಯಲ್ಲಿ ನಿಜವೆಂದು ಉಳಿಯುವುದು ಬಹಳ ಸ್ವಲ್ಪ.

ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆ. ಮುಂದಿನ ವರ್ಷಗಳಲ್ಲಿ ಸ್ನಾತಕ ವಿದ್ಯಾರ್ಥಿಗಳಿಗೆ ಕೊಡುವ ಕಿರುಪ್ರಬಂಧಗಳಲ್ಲಿ 1939ರಿಂದ 1945ರವರೆಗಿನ ಕಾಲವನ್ನು ತಾಲ್ಲೂಕುವಾರಾಗಿ ಹಂಚಿಕೊಡಬಹುದು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು, ನ್ಯಾಯಾಲಯಗಳ ದಾಖಲೆಗಳು, ಸಂತೆಯ ಬೆಲೆಗಳು, ವರ್ತಕರ ಲೆಕ್ಕದ ಪುಸ್ತಕಗಳು, ಗಿರಣಿಯ ಹಾಜರಿ ಪಟ್ಟಿಗಳು ಎಲ್ಲಿ ಉಳಿದಿದ್ದರೂ ಹುಡುಕಿ ನಕಲು ಮಾಡಿಕೊಳ್ಳಬೇಕು. ಆ ಕಾಲವನ್ನು ಪ್ರಾಯದಲ್ಲಿ ಕಂಡವರು ಈಗ ಬಹಳ ವಿರಳ. ಆದರೆ ಅವರ ಮಾತನ್ನು ಕೇಳಿ ಬೆಳೆದ ಮಕ್ಕಳು ಇನ್ನೂ ಇದ್ದಾರೆ. ಅವರ ಹೇಳಿಕೆಯನ್ನು ದಾಖಲೆಯೊಂದಿಗೆ ತಾಳೆ ನೋಡಿ ಸ್ವೀಕರಿಸಬೇಕು. ಸಿಕ್ಕಿದ್ದು ವಿರೋಧದ ಕಥೆಯೇ ಆಗಬೇಕೆಂಬ ಹಟ ಬೇಡ. ಸೈನ್ಯಕ್ಕೆ ಸಂತೋಷದಿಂದ ಸೇರಿದವನೂ, ಯುದ್ಧದ ಗುತ್ತಿಗೆಯಿಂದ ಬದುಕು ಕಟ್ಟಿಕೊಂಡವನೂ ಅಲ್ಲಿ ಸಿಗಬಹುದು; ಅವರನ್ನೂ ಬರೆದುಕೊಳ್ಳಬೇಕು. ಹಾಗೆ ಸಂಗ್ರಹವಾದ ಸಾಮಗ್ರಿಯ ಮೇಲೆಯೇ ಮೇಲಿನ ಮೂರು ಪ್ರಶ್ನೆಗಳಿಗೆ ನಮ್ಮ ಜಿಲ್ಲೆಯ ಮಟ್ಟಿಗೆ ಉತ್ತರ ಹೇಳಲು ಸಾಧ್ಯವಾದೀತು.